ಫ್ರೀಮೇಸನ್ ಲಾಡ್ಜ್‌ನ ಕುರ್ಚಿ: ಒಂದು ವರ್ಷದ ಯಜಮಾನಿಕೆ ನಡೆಯುವುದು ಹೇಗೆ?

ಪರಿಚಯದ ಡಾಕ್ಟರೋ, ವಕೀಲರೋ, ನಿವೃತ್ತ ಬ್ಯಾಂಕ್ ಮ್ಯಾನೇಜರೋ ಕಪ್ಪು ಸೂಟು, ಬಿಳಿ ಕೈಗವಸು ಹಾಕಿಕೊಂಡು, ಸೊಂಟಕ್ಕೆ ತಿಳಿನೀಲಿ ಅಂಚಿನ ಏಪ್ರನ್ ಕಟ್ಟಿಕೊಂಡು ನಿಂತಿರುವ ಫೋಟೊ ವಾಟ್ಸಾಪ್‌ಗೆ ಬಂತು ಅನ್ನಿ. ಕೊರಳಿನಲ್ಲಿ ಪದಕದಂಥದ್ದೇನೋ ನೇತಾಡುತ್ತಿದೆ. ಫೋಟೊದ ಕೆಳಗೆ ಅವರು ಇಂಥ ಲಾಡ್ಜ್‌ನ 'ವರ್ಷಿಪ್‌ಫುಲ್ ಮಾಸ್ಟರ್' ಆಗಿದ್ದಾರೆ ಎಂಬ ಒಂದು ಸಾಲು. ಗ್ರೂಪಿನಲ್ಲಿ ನಾಲ್ಕು ಜನ ಅಭಿನಂದನೆ ಹಾಕುತ್ತಾರೆ. ಉಳಿದವರು ಗೂಗಲ್ ಮಾಡುತ್ತಾರೆ. ಅಲ್ಲಿ ಸಿಗುವುದು ಪಿರಮಿಡ್ಡು, ಒಂಟಿ ಕಣ್ಣು, ಜಗತ್ತನ್ನೇ ಆಳುವ ರಹಸ್ಯ ಕೂಟ.

ನಿಜವಾಗಿ ಆ ಮನುಷ್ಯ ಒಪ್ಪಿಕೊಂಡ ಕೆಲಸ ಏನು? ಆ ಕುರ್ಚಿಗೆ ಬರಲು ಎಷ್ಟು ವರ್ಷ ಬೇಕು? ಅಲ್ಲಿ ಕೂತವರಿಗೆ ಇರುವ ಅಧಿಕಾರ ಎಷ್ಟು? ಮೊದಲಿನಿಂದ ನೋಡೋಣ.

## ಲಾಡ್ಜ್ ಅಂದರೆ

ರೂಮು ಬಾಡಿಗೆಗೆ ಸಿಗುವ ಲಾಡ್ಜ್ ಅಲ್ಲ ಇದು. ಫ್ರೀಮೇಸನ್ರಿ ಎಂಬ ಸೋದರ ಸಂಘದ ಸದಸ್ಯರೇ ಫ್ರೀಮೇಸನ್‌ಗಳು, ಚಿಕ್ಕದಾಗಿ ಮೇಸನ್‌ಗಳು. ಅವರ ಸ್ಥಳೀಯ ಘಟಕಕ್ಕೆ ಲಾಡ್ಜ್ ಎಂದು ಹೆಸರು. ಒಂದೇ ಕಟ್ಟಡದಲ್ಲಿ ಹತ್ತಾರು ಲಾಡ್ಜ್‌ಗಳು ಬೇರೆ ಬೇರೆ ದಿನ ಸೇರಬಹುದು. ಅಂದರೆ ಲಾಡ್ಜ್ ಎಂದರೆ ಜನ, ಗೋಡೆಗಳಲ್ಲ.

ಫ್ರೀಮೇಸನ್ರಿ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಮಧ್ಯಯುಗದಲ್ಲಿ ಚರ್ಚು, ಕೋಟೆಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರ ಸಂಘಗಳ ಪದ್ಧತಿ, ಸಲಕರಣೆ, ಮಾತುಗಳನ್ನು ಇದು ಎರವಲು ಪಡೆಯಿತು. ಆಮೇಲೆ ಉಳಿ ಸುತ್ತಿಗೆ ಹಿಡಿಯದ ಜನರೂ ಸೇರಿಕೊಂಡರು. ಮೂಲೆಮಟ್ಟ, ತೂಕದ ಗುಂಡು, ಕೈವಾರ ಎಲ್ಲವೂ ನಡತೆಯ ಪಾಠ ಹೇಳುವ ಗುರುತುಗಳಾದವು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು 'ಗೂಸ್ ಅಂಡ್ ಗ್ರಿಡೈರನ್' ಎಂಬ ಪಾನಗೃಹದಲ್ಲಿ ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂದು ಸಂಪ್ರದಾಯ ಹೇಳುತ್ತದೆ. ಈ ತಾರೀಕಿನ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. ಆದರೆ 1723ರಲ್ಲಿ ಜೇಮ್ಸ್ ಆಂಡರ್ಸನ್ ಬರೆದ ನಿಯಮಾವಳಿ ಅಚ್ಚಾಯಿತು ಎನ್ನುವುದರಲ್ಲಿ ಅನುಮಾನವಿಲ್ಲ. ಇವತ್ತಿನ ಲಾಡ್ಜ್‌ಗಳ ನಡಾವಳಿಯ ಬೇರು ಅಲ್ಲಿದೆ.

ಗ್ರ್ಯಾಂಡ್ ಲಾಡ್ಜ್ ಎಂದರೆ ಲಾಡ್ಜ್‌ಗಳ ಮೇಲಿನ ಆಡಳಿತ. ಅದು ಕೊಡುವ ಪರವಾನಗಿ ಪತ್ರಕ್ಕೆ ವಾರಂಟ್ ಎನ್ನುತ್ತಾರೆ. ಅದು ಇಲ್ಲದೆ ಲಾಡ್ಜ್ ನಡೆಸುವಂತಿಲ್ಲ. ಇಡೀ ಜಗತ್ತಿಗೆ ಒಂದೇ ಕೇಂದ್ರ ಕಚೇರಿ ಅಂತ ಇಲ್ಲ. ಒಂದೊಂದು ದೇಶಕ್ಕೆ, ಅಮೆರಿಕದಲ್ಲಾದರೆ ಒಂದೊಂದು ರಾಜ್ಯಕ್ಕೆ, ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಇದೆ. ಜಗತ್ತನ್ನು ಆಳುವ ಒಂದೇ ಕೂಟ ಎಂಬ ಕತೆ ಇಲ್ಲೇ ಮೊದಲು ಎಡವುತ್ತದೆ.

## ನಮ್ಮ ಕಡೆಗೆ ಬಂದ ದಾರಿ

ಇಂಡಿಯಾಕ್ಕೆ ಇದು ಈಸ್ಟ್ ಇಂಡಿಯಾ ಕಂಪನಿಯ ಜನರೊಂದಿಗೆ ಬಂತು. ಮೊದಲ ಲಾಡ್ಜ್ 1730ರ ಹೊತ್ತಿಗೆ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಶುರುವಾಯಿತು. ಆಮೇಲೆ ಪಟಾಲಮ್ಮುಗಳು ಹೋದ ಕಡೆಗೆಲ್ಲ ಲಾಡ್ಜ್‌ಗಳೂ ಹೋದವು. ಬೆಂಗಳೂರಿನ ದಂಡು ಪ್ರದೇಶವೂ ಇದಕ್ಕೆ ಹೊರತಾಗಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೋ ಎಂಬ ಕುತೂಹಲಕ್ಕೆ ಉತ್ತರ ಭಾರತದ ಜನ ಲಾಡ್ಜ್ ಕಟ್ಟಡವನ್ನು 'ಜಾದೂ ಘರ್' ಎಂದೇ ಕರೆದರು.

ಭಾರತೀಯರಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಆರ್ಕಾಟ್ ನವಾಬರ ಮಗ ಉಮ್ದತ್ ಉಲ್ ಉಮರಾ 1770ರ ದಶಕದಲ್ಲೇ ತಿರುಚಿನಾಪಳ್ಳಿಯಲ್ಲಿ ಸೇರಿದ್ದರು, ನಿಜ. ಆದರೆ ಅದು ಅರಮನೆಯವರ ಮಾತಾಯಿತು. ಬಂಗಾಳದಲ್ಲಿ ಪ್ರಸನ್ನ ಕುಮಾರ್ ದತ್ತ ಎಂಬ ಹಿಂದೂ ವ್ಯಾಪಾರಿ 1860ರ ದಶಕದಲ್ಲಿ ಸದಸ್ಯತ್ವಕ್ಕೆ ಪ್ರಯತ್ನ ಶುರು ಮಾಡಿ, ಲಂಡನ್ನಿನವರೆಗೂ ಪತ್ರ ವ್ಯವಹಾರ ನಡೆಸಿ, 1872ರಲ್ಲಿ 'ಆ್ಯಂಕರ್ ಅಂಡ್ ಹೋಪ್' ಲಾಡ್ಜ್‌ಗೆ ಸೇರಿದರು. ಹನ್ನೆರಡು ವರ್ಷ ಕಳೆದ ಮೇಲೆ, 1884ರಲ್ಲಿ, ಅದೇ ಲಾಡ್ಜ್‌ಗೆ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದ. ಮುಂದೆ ಅವರೇ ಸ್ವಾಮಿ ವಿವೇಕಾನಂದರಾದರು.

ಸ್ವಾತಂತ್ರ್ಯ ಬಂದ ಮೇಲೆ, 1961ರ ನವೆಂಬರ್ 24ರಂದು, ದೆಹಲಿಯಲ್ಲಿ 'ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ' ಸ್ಥಾಪನೆಯಾಯಿತು. ರಾಂಪುರದ ನವಾಬ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್. ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಂದು ನಾಲ್ಕು ಪ್ರಾದೇಶಿಕ ವಿಭಾಗಗಳಿವೆ. ನಮ್ಮ ರಾಜ್ಯ ದಕ್ಷಿಣಕ್ಕೆ ಸೇರುತ್ತದೆ. ಕೆಲವು ಹಳೆಯ ಲಾಡ್ಜ್‌ಗಳು ಮಾತ್ರ ಇವತ್ತಿಗೂ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ಗಳ ಕೆಳಗೇ ಉಳಿದುಕೊಂಡಿವೆ.

ಮುಂದೆ ಹೇಳುವ ನಿಯಮಗಳಿಗೆ ಇಂಗ್ಲಿಷ್ ಪದ್ಧತಿಯನ್ನೇ ಆಧಾರ ಮಾಡಿಕೊಂಡಿದ್ದೇನೆ. ಇಲ್ಲಿನ ಬಹುಪಾಲು ನಡಾವಳಿ ಅದರಿಂದಲೇ ಬೆಳೆದದ್ದು. ಸಣ್ಣಪುಟ್ಟ ವಿವರಗಳು ಲಾಡ್ಜ್‌ನಿಂದ ಲಾಡ್ಜ್‌ಗೆ ಬದಲಾಗುತ್ತವೆ.

## ಇಬ್ಬರು ಮಾಸ್ಟರ್‌ಗಳು

ಹೊರಗಿನವರು ಮೊದಲು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಫ್ರೀಮೇಸನ್ರಿಯಲ್ಲಿ ಮೂರು ಮೆಟ್ಟಿಲು. ಸೇರಿದ ದಿನ 'ಎಂಟರ್ಡ್ ಅಪ್ರೆಂಟಿಸ್'. ಆಮೇಲೆ 'ಫೆಲೋ ಕ್ರಾಫ್ಟ್'. ಮೂರನೆಯದು 'ಮಾಸ್ಟರ್ ಮೇಸನ್'. ಹೆಚ್ಚಿನ ಸದಸ್ಯರು ಒಂದೆರಡು ವರ್ಷದೊಳಗೆ ಮಾಸ್ಟರ್ ಮೇಸನ್ ಆಗುತ್ತಾರೆ. ಅದು ದರ್ಜೆ, ಹುದ್ದೆ ಅಲ್ಲ. ಲಾಡ್ಜ್‌ನ ತುಂಬ ಮಾಸ್ಟರ್ ಮೇಸನ್‌ಗಳೇ ಇರುತ್ತಾರೆ.

ವರ್ಷಿಪ್‌ಫುಲ್ ಮಾಸ್ಟರ್ ಆ ವರ್ಷಕ್ಕೆ ಒಬ್ಬರೇ. ಲಾಡ್ಜ್‌ನ ಅಧ್ಯಕ್ಷರು ಅವರು. 'ವರ್ಷಿಪ್‌ಫುಲ್' ಎಂದಾಕ್ಷಣ ಅವರನ್ನು ಪೂಜೆ ಮಾಡುತ್ತಾರೆ ಅಂತ ತಿಳಿಯಬೇಕಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಮೇಯರ್, ಮ್ಯಾಜಿಸ್ಟ್ರೇಟರಿಗೆಲ್ಲ ಸೇರಿಸುತ್ತಿದ್ದ ಗೌರವದ ಮಾತು ಅದು. ನಾವು 'ಮಾನ್ಯ' ಅನ್ನುವುದಿಲ್ಲವೇ, ಅಷ್ಟೇ.

## ಕುರ್ಚಿಯವರೆಗಿನ ಸಾಲು

ಯಾರೂ ನೇರವಾಗಿ ಬಂದು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಒಂದು ಸಾಲು ಇದೆ. ಅದು ನಿಧಾನವಾಗಿ ಮುಂದೆ ಸರಿಯುತ್ತದೆ.

ಸಾಮಾನ್ಯವಾಗಿ ಹೊಸಬರಿಗೆ ಮೊದಲು ಸಿಗುವುದು 'ಸ್ಟೂವರ್ಡ್' ಕೆಲಸ. ಊಟದ ಹೊತ್ತಿಗೆ ಬಡಿಸುವುದು, ಅತಿಥಿಗಳನ್ನು ನೋಡಿಕೊಳ್ಳುವುದು. ಮುಂದೆ ಮಾಸ್ಟರ್ ಆಗುವವರು ಮೊದಲು ಸಾರಿನ ಪಾತ್ರೆ ಹಿಡಿದು ಓಡಾಡುತ್ತಾರೆ. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸಿದ್ದು ಇದೇ.

ಅಲ್ಲಿಂದ 'ಇನ್ನರ್ ಗಾರ್ಡ್'. ಬಾಗಿಲಿನ ಒಳಬದಿ ನಿಂತು ಯಾರು ಬಂದರು ಎಂದು ನೋಡುವವರು. ಬಾಗಿಲಿನ ಹೊರಗೆ ಕತ್ತಿ ಹಿಡಿದು ಇನ್ನೊಬ್ಬರು ಕೂರುತ್ತಾರೆ, ಅವರಿಗೆ 'ಟೈಲರ್' ಎಂದು ಹೆಸರು. ಆಮೇಲೆ 'ಜೂನಿಯರ್ ಡೀಕನ್', 'ಸೀನಿಯರ್ ಡೀಕನ್'. ಹೊಸದಾಗಿ ಸೇರುವವರ ಕೈ ಹಿಡಿದು ವಿಧಿಯ ಉದ್ದಕ್ಕೂ ನಡೆಸಿಕೊಂಡು ಹೋಗುವವರು ಇವರು. ಆಮೇಲೆ 'ಜೂನಿಯರ್ ವಾರ್ಡನ್', 'ಸೀನಿಯರ್ ವಾರ್ಡನ್'. ಕೊನೆಗೆ ಮಾಸ್ಟರ್.

ಒಂದೊಂದು ಜಾಗದಲ್ಲಿ ಒಂದೊಂದು ವರ್ಷ ಎಂದಿಟ್ಟುಕೊಂಡರೂ ಆರೇಳು ವರ್ಷ ಹೋಗುತ್ತದೆ. ಹಿರಿಯ ಸದಸ್ಯರು ಜಾಸ್ತಿ ಇರುವ ಲಾಡ್ಜ್‌ಗಳಲ್ಲಿ ಇನ್ನೂ ಹೆಚ್ಚು. ಇದರಲ್ಲಿ ಎಲ್ಲ ಹುದ್ದೆಗಳೂ ಕಡ್ಡಾಯವಲ್ಲ. ಆದರೆ ಒಂದು ಮಾತ್ರ ಗಟ್ಟಿ ನಿಯಮ: ಒಂದು ಇನ್‌ಸ್ಟಲೇಷನ್‌ನಿಂದ (ಹೊಸ ಮಾಸ್ಟರನ್ನು ಕುರ್ಚಿಯಲ್ಲಿ ಕೂರಿಸುವ ಸಮಾರಂಭ) ಇನ್ನೊಂದರವರೆಗೆ ಪೂರ್ತಿ ಒಂದು ವರ್ಷ ವಾರ್ಡನ್ ಆಗಿ ಕೆಲಸ ಮಾಡಿರಬೇಕು. ವಿಶೇಷ ಅನುಮತಿ ಇಲ್ಲದಿದ್ದರೆ, ಎಂಥ ದೊಡ್ಡ ಮನುಷ್ಯನಾದರೂ ಇದನ್ನು ದಾಟುವಂತಿಲ್ಲ.

ಪ್ರತಿ ಹುದ್ದೆಗೂ ಒಂದು ಲಾಂಛನ ಇದೆ. ಫೋಟೊದಲ್ಲಿ ಕೊರಳಿನಿಂದ ನೇತಾಡುತ್ತಿದ್ದದ್ದು ಅದೇ. ಮಾಸ್ಟರಿಗೆ ಮೂಲೆಮಟ್ಟ, ಸೀನಿಯರ್ ವಾರ್ಡನ್‌ಗೆ ಮಟ್ಟಗೋಲು, ಜೂನಿಯರ್ ವಾರ್ಡನ್‌ಗೆ ತೂಕದ ಗುಂಡಿನ ಪಟ್ಟಿ. ಖಜಾಂಚಿಗೆ ಬೀಗದಕೈ. ಕಾರ್ಯದರ್ಶಿಗೆ ಅಡ್ಡಡ್ಡ ಇಟ್ಟ ಎರಡು ಗರಿಯ ಲೇಖನಿ. ಇದು ಗೊತ್ತಿದ್ದರೆ ಫೋಟೊದಲ್ಲಿ ಯಾರು ಯಾರು ಎಂದು ನೀವೇ ಗುರುತಿಸಬಹುದು.

## ಆಯ್ಕೆ ಹೇಗೆ?

ಸಾಲಿನಲ್ಲಿ ಮುಂದೆ ಇದ್ದವರೇ ಆಗುವುದಾದರೆ ಚುನಾವಣೆ ಯಾಕೆ ಅಂತ ಕೇಳಬಹುದು. ಆದರೂ ಪ್ರತಿ ವರ್ಷ ಚೀಟಿ ಹಾಕಿ ಗುಪ್ತ ಮತದಾನ ನಡೆಯುತ್ತದೆ. ಹೆಚ್ಚಾಗಿ ಸೀನಿಯರ್ ವಾರ್ಡನ್ನೇ ಗೆಲ್ಲುತ್ತಾರೆ. ಸದಸ್ಯರಿಗೆ ಇವರು ಬೇಡ ಅನ್ನಿಸಿದರೆ ತಡೆಯಲು ಅಲ್ಲೊಂದು ದಾರಿ ಇರುತ್ತದೆ. ಈ ಹುದ್ದೆಗೆ ಬಹಿರಂಗ ಪ್ರಚಾರ, ಬ್ಯಾನರ್, ಓಟು ಕೇಳುವುದು ಇವೆಲ್ಲ ಸಂಪ್ರದಾಯಕ್ಕೆ ವಿರುದ್ಧ.

ಗೆದ್ದವರು ಆಗಲೇ ಮಾಸ್ಟರ್ ಅಲ್ಲ, 'ಮಾಸ್ಟರ್ ಎಲೆಕ್ಟ್'. ಖಜಾಂಚಿಯನ್ನೂ ಸದಸ್ಯರೇ ಆರಿಸುತ್ತಾರೆ. ಉಳಿದ ಹೆಚ್ಚಿನ ಹುದ್ದೆಗಳಿಗೆ ಜನರನ್ನು ನೇಮಿಸುವುದು ಹೊಸ ಮಾಸ್ಟರ್. ದುಡ್ಡಿನ ಚೀಲ ಮಾಸ್ಟರ್ ನೇಮಿಸಿದವರ ಕೈಗೆ ಹೋಗದ ಹಾಗೆ ಮಾಡಿದ್ದು ಜಾಣತನವೇ.

ಈ ನಡುವಿನ ವಾರಗಳು ಮಾಸ್ಟರ್ ಎಲೆಕ್ಟ್‌ಗೆ ಬಿಡುವಿಲ್ಲದ ಸಮಯ. ಯಾರನ್ನು ವಾರ್ಡನ್ ಮಾಡಬೇಕು, ಯಾರಿಗೆ ಒಂದು ಹೆಜ್ಜೆ ಬಡ್ತಿ ಕೊಡಬೇಕು, ಯಾರಿಗೆ ಬೇಜಾರಾಗದ ಹಾಗೆ 'ಈ ವರ್ಷ ಬೇಡ' ಅನ್ನಬೇಕು ಎಂಬ ಲೆಕ್ಕಾಚಾರ. ಸೇರಲು ಕಾಯುತ್ತಿರುವವರು ಎಷ್ಟು ಜನ, ಯಾವ ಸಭೆಯಲ್ಲಿ ಯಾವ ದರ್ಜೆಯ ವಿಧಿ ಇಡಬೇಕು, ದಾನದ ಹಣ ಎಲ್ಲಿಗೆ ಹೋಗಬೇಕು, ಊಟದ ಖರ್ಚು ಎಷ್ಟಾಗುತ್ತದೆ ಎಂಬುದನ್ನೆಲ್ಲ ಮೊದಲೇ ನೋಡಿಟ್ಟುಕೊಳ್ಳಬೇಕು.

## ಕುರ್ಚಿಯಲ್ಲಿ ಕೂರಿಸುವ ದಿನ

ಲಾಡ್ಜ್‌ನ ವರ್ಷದಲ್ಲಿ ದೊಡ್ಡ ದಿನ ಇನ್‌ಸ್ಟಲೇಷನ್. ಬೇರೆ ಲಾಡ್ಜ್‌ಗಳಿಂದ ಅತಿಥಿಗಳು ಬರುತ್ತಾರೆ. ಗ್ರ್ಯಾಂಡ್ ಲಾಡ್ಜ್‌ನ ಪ್ರತಿನಿಧಿಗಳೂ ಬರುತ್ತಾರೆ.

ಸಭಾಂಗಣದ ನಡುವೆ ಕಪ್ಪು ಬಿಳುಪು ಚೌಕಗಳ ನೆಲಹಾಸು. ಮಾಸ್ಟರ್ ಕೂರುವುದು ಪೂರ್ವಕ್ಕೆ, ಸೀನಿಯರ್ ವಾರ್ಡನ್ ಪಶ್ಚಿಮಕ್ಕೆ, ಜೂನಿಯರ್ ವಾರ್ಡನ್ ದಕ್ಷಿಣಕ್ಕೆ. ಸೂರ್ಯ ಹುಟ್ಟುವ, ನೆತ್ತಿಗೇರುವ, ಮುಳುಗುವ ಮೂರು ಜಾಗ ಇವು. ಧರ್ಮಗ್ರಂಥ ತೆರೆದಿಡದೆ ಲಾಡ್ಜ್ ಶುರುವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಬೈಬಲ್ ಒಂದೇ ಇರುತ್ತದೆ. ನಮ್ಮಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಅವೆಸ್ತಾ ಹೀಗೆ ಸದಸ್ಯರ ನಂಬಿಕೆಗೆ ತಕ್ಕಂತೆ ಹಲವು ಗ್ರಂಥಗಳನ್ನು ಒಟ್ಟಿಗೆ ಇಡುತ್ತಾರೆ. ಪ್ರಮಾಣ ಮಾಡುವವರು ತಮ್ಮ ಗ್ರಂಥದ ಮೇಲೆ ಕೈ ಇಡುತ್ತಾರೆ.

ಮೊದಲು ಮಾಸ್ಟರ್ ಎಲೆಕ್ಟ್‌ರನ್ನು ಕುರ್ಚಿಯ ಮುಂದೆ ಕರೆತಂದು ನಿಲ್ಲಿಸುತ್ತಾರೆ. ಕಾರ್ಯದರ್ಶಿ ಹಳೆಯ ಕಟ್ಟಳೆಗಳ ಸಾರಾಂಶ ಓದುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಇವು 15. ಗುಟ್ಟಿನ ವಿಷಯವೇನಲ್ಲ, ನಿಯಮ ಪುಸ್ತಕದ ಆರಂಭದಲ್ಲೇ ಅಚ್ಚಾಗಿವೆ. ಒಳ್ಳೆಯ ಮನುಷ್ಯನಾಗಿ ನಡೆದುಕೊಳ್ಳುತ್ತೀರಾ? ನೀವಿರುವ ದೇಶದ ಕಾನೂನಿಗೆ ತಲೆಬಾಗುತ್ತೀರಾ? ಸರ್ಕಾರದ ವಿರುದ್ಧದ ಪಿತೂರಿಗಳಲ್ಲಿ ಕೈಹಾಕದೆ ಇರುತ್ತೀರಾ? ಜಗಳ, ಅತಿರೇಕದಿಂದ ದೂರ ಇರುತ್ತೀರಾ? ಫ್ರೀಮೇಸನ್ರಿಯ ಮೂಲದಲ್ಲಿ ಬದಲಾವಣೆ ತರುವ ಅಧಿಕಾರ ಯಾವೊಬ್ಬ ಮನುಷ್ಯನಿಗೂ, ಯಾವ ಗುಂಪಿಗೂ ಇಲ್ಲ ಎಂದು ಒಪ್ಪುತ್ತೀರಾ? ಎಲ್ಲಕ್ಕೂ ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ.

ಕೊನೆಯ ಪ್ರಶ್ನೆಯನ್ನು ಗಮನಿಸಿ. ಅಧಿಕಾರ ಕೈಗೆ ಕೊಡುವ ಮುಂಚೆಯೇ, ನೀವು ಏನನ್ನು ಮುಟ್ಟುವಂತಿಲ್ಲ ಎಂಬುದನ್ನು ಬಾಯಿಬಿಡಿಸಿ ಒಪ್ಪಿಸಿಕೊಳ್ಳುತ್ತಾರೆ.

ಆಮೇಲೆ ಈ ಹಿಂದೆ ಆ ಕುರ್ಚಿಯಲ್ಲಿ ಕೂತವರನ್ನು ಬಿಟ್ಟು ಉಳಿದ ಎಲ್ಲರೂ ಹೊರಗೆ ಹೋಗಬೇಕು. ಹಳೆಯ ಮಾಸ್ಟರ್‌ಗಳು ಮಾತ್ರ ಒಳಗೆ ಉಳಿದು ಹೊಸಬರನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಅದನ್ನು ರಾಜ ಸೊಲೊಮನ್ನನ ಕುರ್ಚಿ ಎನ್ನುವುದು ರೂಢಿ. ಜೆರುಸಲೇಮಿನಲ್ಲಿ ಸೊಲೊಮನ್ ಕಟ್ಟಿಸಿದ ದೇವಾಲಯದ ಕತೆಯೇ ಫ್ರೀಮೇಸನ್ ವಿಧಿಗಳಿಗೆಲ್ಲ ಹಿನ್ನೆಲೆ.

ಹೊರಗೆ ಹೋದವರು ದರ್ಜೆಯ ಪ್ರಕಾರ ತಂಡ ತಂಡವಾಗಿ ಒಳಗೆ ಬರುತ್ತಾರೆ. ಮೊದಲು ಮಾಸ್ಟರ್ ಮೇಸನ್‌ಗಳು, ಆಮೇಲೆ ಫೆಲೋ ಕ್ರಾಫ್ಟ್‌ಗಳು, ಕೊನೆಗೆ ಅಪ್ರೆಂಟಿಸ್‌ಗಳು. ಪ್ರತಿ ತಂಡವೂ ಹೊಸ ಮಾಸ್ಟರಿಗೆ ವಂದಿಸುತ್ತದೆ. ಆಯಾ ದರ್ಜೆಯ ಸಲಕರಣೆಗಳನ್ನು ಅವರಿಗೆ ಒಪ್ಪಿಸುತ್ತಾರೆ. ವಾರಂಟ್, ನಿಯಮ ಪುಸ್ತಕ, ಲಾಡ್ಜ್‌ನ ಬೈಲಾ ಕೈಗೆ ಬರುತ್ತವೆ. ವಾರಂಟ್ ಅವರಿಗೆ ಸಿಕ್ಕ ಆಸ್ತಿಯಲ್ಲ. ಜೋಪಾನ ಮಾಡಿ ಮುಂದಿನವರಿಗೆ ಕೊಡಬೇಕಾದ ಒತ್ತೆ. ನಂತರ ಹೊಸ ಮಾಸ್ಟರ್ ತಮ್ಮ ತಂಡದ ಒಬ್ಬೊಬ್ಬರನ್ನೂ ಕರೆದು, ಕೊರಳಪಟ್ಟಿ ತೊಡಿಸಿ, ಅವರ ಕೆಲಸ ಏನೆಂದು ಹೇಳುತ್ತಾರೆ.

ಏಪ್ರನ್ ಕೂಡ ಬದಲಾಗುತ್ತದೆ. ಅಪ್ರೆಂಟಿಸ್‌ನದು ಖಾಲಿ ಬಿಳಿ ಕುರಿಮರಿ ಚರ್ಮ. ಫೆಲೋ ಕ್ರಾಫ್ಟ್‌ಗೆ ಎರಡು ನೀಲಿ ಹೂಗಂಟು. ಮಾಸ್ಟರ್ ಮೇಸನ್‌ಗೆ ಮೂರು ಹೂಗಂಟು, ತಿಳಿನೀಲಿ ಅಂಚು. ಕುರ್ಚಿ ಏರಿದವರ ಏಪ್ರನ್‌ನಲ್ಲಿ ಹೂಗಂಟು ಹೋಗಿ, ತಲೆಕೆಳಗಾದ ಇಂಗ್ಲಿಷ್ ಟೀ ಅಕ್ಷರದಂಥ ಮೂರು ಬೆಳ್ಳಿ ಬಣ್ಣದ ಪಟ್ಟಿಗಳು ಬರುತ್ತವೆ. ವರ್ಷ ಮುಗಿದ ಮೇಲೂ ಅವು ಉಳಿಯುತ್ತವೆ.

## ಬಾಯಿಪಾಠದ ವರ್ಷ

ಹೊಸ ಮಾಸ್ಟರ್ ಯಾವುದಕ್ಕೆ ಹೆಚ್ಚು ಹೆದರುತ್ತಾರೆ ಗೊತ್ತಾ? ಹಣಕ್ಕಲ್ಲ, ಜಗಳಕ್ಕಲ್ಲ. ರಿಚುಯಲ್‌ಗೆ.

ರಿಚುಯಲ್ ಎಂದರೆ ಲಾಡ್ಜ್ ತೆರೆಯುವುದರಿಂದ ಮುಚ್ಚುವವರೆಗೆ, ಹೊಸಬರನ್ನು ಸೇರಿಸಿಕೊಳ್ಳುವುದರಿಂದ ಮೂರನೇ ದರ್ಜೆ ಕೊಡುವವರೆಗೆ, ಯಾರು ಎಲ್ಲಿ ನಿಲ್ಲಬೇಕು, ಏನು ಹೇಳಬೇಕು ಎಂಬ ನಿಗದಿತ ಪಾಠ. ಇಂಗ್ಲಿಷ್ ಪದ್ಧತಿಯಲ್ಲಿ ಇದನ್ನು ಪುಸ್ತಕ ನೋಡಿ ಓದುವುದಿಲ್ಲ. ಬಾಯಿಪಾಠ ಹೇಳಬೇಕು. ಮಾಸ್ಟರ್ ಪಾಲಿಗೆ ಬರುವ ಮಾತು ಎಲ್ಲರಿಗಿಂತ ಜಾಸ್ತಿ. ಅದೂ 18ನೇ ಶತಮಾನದ ವಾಸನೆ ಇರುವ ಉದ್ದುದ್ದ ಇಂಗ್ಲಿಷ್ ವಾಕ್ಯಗಳು. ಅರವತ್ತು ದಾಟಿದ ಮನುಷ್ಯ ಬೆಳಗಿನ ವಾಕಿಂಗಿನಲ್ಲಿ ಪಾರ್ಕಿನ ಸುತ್ತ ಒಬ್ಬನೇ ಗೊಣಗುತ್ತ ಹೋಗುತ್ತಿದ್ದರೆ ಮನೆಯವರು ಗಾಬರಿಯಾಗುವುದು ಸಹಜ.

ಯಕ್ಷಗಾನ ನೋಡಿದವರಿಗೆ ಇದನ್ನು ಬೇಗ ತಿಳಿಸಬಹುದು. ಮಾಸ್ಟರ್ ಮಾಡುವ ಕೆಲಸ ಭಾಗವತರ ಕೆಲಸದ ಹಾಗೆ. ಭಾಗವತರು ವೇಷ ಕಟ್ಟುವುದಿಲ್ಲ, ಆದರೂ ಮೇಳದಲ್ಲಿ ಅವರದೇ ಒಂದನೇ ವೇಷ ಎನ್ನುತ್ತಾರೆ. ಪ್ರಸಂಗ ಅವರ ಬಾಯಲ್ಲಿರಬೇಕು. ಅವರು ಪದ ಎತ್ತದೆ ವೇಷ ರಂಗಕ್ಕೆ ಬರುವುದಿಲ್ಲ, ಅವರು ನಿಲ್ಲಿಸದೆ ಕುಣಿತ ನಿಲ್ಲುವುದಿಲ್ಲ. ಯಾರೋ ಒಬ್ಬರು ತಡವರಿಸಿದರೆ ಸಭೆಗೆ ಗೊತ್ತಾಗದ ಹಾಗೆ ಎತ್ತಿಕೊಂಡು ಹೋಗಬೇಕು. ಲಾಡ್ಜ್‌ನಲ್ಲಿ ಮಾಸ್ಟರ್ ಕೈಯಲ್ಲಿ ಜಾಗಟೆ ಬದಲು ಗ್ಯಾವೆಲ್ ಎಂಬ ಪುಟ್ಟ ಮರದ ಸುತ್ತಿಗೆ ಇರುತ್ತದೆ. ಅದರ ಒಂದು ಬಡಿತಕ್ಕೆ ಸಭೆ ಸುಮ್ಮನಾಗುತ್ತದೆ, ಎರಡೂ ವಾರ್ಡನ್‌ಗಳು ತಮ್ಮ ಜಾಗದಿಂದ ಅದೇ ಬಡಿತ ಕೊಡುತ್ತಾರೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ವೇಷಧಾರಿ ಅರ್ಥ ಹೇಳುವಾಗ ತನ್ನದೇ ಮಾತು ಕಟ್ಟಬಹುದು. ಲಾಡ್ಜ್‌ನಲ್ಲಿ ಒಂದು ಪದವನ್ನೂ ಸ್ವಂತಕ್ಕೆ ಸೇರಿಸುವಂತಿಲ್ಲ. ಭಾಗವತರು ಬದುಕಿಡೀ ಹಾಡುತ್ತಾರೆ, ಮಾಸ್ಟರ್‌ಗೆ ಸಿಗುವುದು ಒಂದು ವರ್ಷ.

ಮರೆತರೆ? ಅದಕ್ಕೂ ವ್ಯವಸ್ಥೆ ಇದೆ. ಹಿಂದಿನ ವರ್ಷದ ಮಾಸ್ಟರ್, ಅಂದರೆ 'ಇಮ್ಮಿಡಿಯೆಟ್ ಪಾಸ್ಟ್ ಮಾಸ್ಟರ್', ಹೊಸಬರ ಎಡಕ್ಕೇ ಕೂರುತ್ತಾರೆ. ಮಾತು ನಿಂತರೆ ಮೆಲ್ಲಗೆ ಮುಂದಿನ ಪದ ಹೇಳಿಕೊಡುವುದು ಅವರ ಕೆಲಸ. ನಿಂತದ್ದು ಯೋಚನೆಗೋ, ಮರೆವಿಗೋ ಎಂದು ತಿಳಿಯಲು ಅನುಭವ ಬೇಕು. ಎಲ್ಲ ಕಡೆಯಿಂದಲೂ ಮೂರ್ನಾಲ್ಕು ಜನ ಒಟ್ಟಿಗೆ ಪಿಸುಗುಟ್ಟಿದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಅದಕ್ಕೇ ಹೇಳಿಕೊಡುವವರು ಒಬ್ಬರೇ ಇರಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ಸಭೆಗೆ ಮುಂಚೆ ತಾಲೀಮು ಕೂಡ ನಡೆಯುತ್ತದೆ.

ಇಷ್ಟು ಕಷ್ಟ ಯಾಕೆ? ಸದಸ್ಯರು ಕೊಡುವ ಕಾರಣ ಸರಳ. ಒಬ್ಬ ವ್ಯಕ್ತಿ ಜೀವನದಲ್ಲಿ ಒಂದೇ ಸಲ ಲಾಡ್ಜ್‌ಗೆ ಸೇರುತ್ತಾರೆ. ಆ ದಿನ ಮಾಸ್ಟರ್ ಕಾಗದ ನೋಡಿ ತೊದಲಿದರೆ ಸೇರಿದವರ ಮನಸ್ಸಿನಲ್ಲಿ ಉಳಿಯುವುದು ಆ ತೊದಲೇ.

## ಅಧಿಕಾರ ಎಷ್ಟು, ಕಡಿವಾಣ ಎಲ್ಲಿ?

ಸಭೆಯ ಒಳಗೆ ಮಾಸ್ಟರ್ ಮಾತು ದೊಡ್ಡದು. ಯಾರು ಮಾತಾಡಬೇಕು, ಯಾವ ವಿಷಯ ಚರ್ಚೆಗೆ ಬರಬೇಕು ಎಂದು ಅವರು ಹೇಳುತ್ತಾರೆ. ಮತಗಳು ಸಮಸಮ ಬಂದರೆ ಅವರಿಗೆ ಇನ್ನೊಂದು ಮತ ಇದೆ. ಅವರ ತೀರ್ಮಾನ ತಪ್ಪು ಅನ್ನಿಸಿದರೆ ಅದನ್ನು ಅದೇ ಸಭೆಯಲ್ಲಿ ಓಟಿಗೆ ಹಾಕಿ ಉರುಳಿಸುವಂತಿಲ್ಲ. ದೂರನ್ನು ಮೇಲಿನ ಆಡಳಿತಕ್ಕೇ ಕೊಡಬೇಕು.

ಕೇಳಲು ಸರ್ವಾಧಿಕಾರದ ಹಾಗಿದೆ, ಅಲ್ವಾ? ಆದರೆ ಸುತ್ತ ಬೇಲಿ ಗಟ್ಟಿಯಾಗಿದೆ.

ಹಣ ಖಜಾಂಚಿಯ ಕೈಯಲ್ಲಿ, ಲೆಕ್ಕ ತಪಾಸಣೆಗೆ ಹೋಗುತ್ತದೆ. ಬೈಲಾ ಬದಲಿಸಲು ಸದಸ್ಯರ ಒಪ್ಪಿಗೆ, ಮೇಲಿನವರ ಮಂಜೂರಾತಿ ಎರಡೂ ಬೇಕು. ಹೊಸಬರನ್ನು ಸೇರಿಸುವುದೂ ಮಾಸ್ಟರ್ ಒಬ್ಬರ ಇಷ್ಟವಲ್ಲ. ಪೆಟ್ಟಿಗೆಯೊಳಗೆ ಗೋಲಿ ಹಾಕಿ ಗುಪ್ತವಾಗಿ ಮತ ಹಾಕುತ್ತಾರೆ. ಬಿಳಿ ಎಂದರೆ ಸರಿ, ಕಪ್ಪು ಎಂದರೆ ಬೇಡ. ಇಂಗ್ಲಿಷ್ ನಿಯಮದಲ್ಲಿ ಮೂರು ಕಪ್ಪು ಗೋಲಿ ಬಿದ್ದರೆ ಅರ್ಜಿ ತಿರಸ್ಕಾರ. ಲಾಡ್ಜ್ ತನ್ನ ಬೈಲಾದಲ್ಲಿ ಈ ಸಂಖ್ಯೆಯನ್ನು ಎರಡಕ್ಕೋ ಒಂದಕ್ಕೋ ಇಳಿಸಿಕೊಳ್ಳಬಹುದು. ಮಾಸ್ಟರ್ ಕರೆತಂದವರೇ ಆದರೂ ಗೋಲಿಗೆ ಮುಲಾಜಿಲ್ಲ.

ಎರಡು ವಿಷಯಗಳನ್ನು ಸಭೆಯಲ್ಲಿ ಎತ್ತುವಂತೆಯೇ ಇಲ್ಲ: ಧರ್ಮ ಮತ್ತು ರಾಜಕೀಯ. ಸದಸ್ಯನಾಗಲು ದೇವರಲ್ಲಿ ನಂಬಿಕೆ ಇರಬೇಕು, ಯಾವ ದೇವರು ಎಂದು ಕೇಳುವುದಿಲ್ಲ. ಮಾತು ಆ ಕಡೆ ಹೊರಳಿದರೆ ತಡೆಯುವುದು ಮಾಸ್ಟರ್ ಜವಾಬ್ದಾರಿ. ಚುನಾವಣೆ ವರ್ಷದಲ್ಲಿ ಇದು ಸಣ್ಣ ಕೆಲಸವಲ್ಲ.

ಲಾಡ್ಜ್‌ನ ಹೊರಗೆ ಆ ಹುದ್ದೆಗೆ ಯಾವ ಅಧಿಕಾರವೂ ಇಲ್ಲ. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣ ಮಾಡಿದಾಗ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಲಾಡ್ಜ್‌ನ ಮಾಸ್ಟರ್ ಕೂಡ ಆಗಿದ್ದರು. ಪ್ರಮಾಣಕ್ಕೆ ಬಳಸಿದ ಬೈಬಲ್ಲನ್ನೂ ನ್ಯೂಯಾರ್ಕಿನ ಒಂದು ಲಾಡ್ಜ್‌ನಿಂದ ತರಿಸಿದ್ದರು. ಪಿತೂರಿ ಕತೆಗಳಿಗೆ ಇಂಥವೇ ಬಂಡವಾಳ. ಆದರೆ ಅದಕ್ಕೆ ಮುಂಚೆ ವಾಷಿಂಗ್ಟನ್ ಬ್ರಿಟಿಷರ ವಿರುದ್ಧ ಹೋರಾಡಿದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಪಡೆಯಲ್ಲೂ ಲಾಡ್ಜ್‌ಗಳಿದ್ದವು. ಎದುರುಬದುರು ನಿಂತು ಗುಂಡು ಹಾರಿಸಿದ ಎರಡೂ ಕಡೆ ಮೇಸನ್‌ಗಳಿದ್ದರು.

## ಫೋಟೊದಲ್ಲಿ ಬಾರದ ಕೆಲಸ

ಇಲ್ಲಿಯ ಹೆಚ್ಚಿನ ಲಾಡ್ಜ್‌ಗಳು ತಿಂಗಳಿಗೊಮ್ಮೆ ಸೇರುತ್ತವೆ. ಇಂಗ್ಲೆಂಡಿನ ಹಲವು ಲಾಡ್ಜ್‌ಗಳು ವರ್ಷಕ್ಕೆ ನಾಲ್ಕೈದು ಸಲ ಮಾತ್ರ. ಸಭೆ ಎರಡು ಮೂರು ಗಂಟೆಯದು. ಮಾಸ್ಟರ್ ಸಮಯ ಹೋಗುವುದು ಎರಡು ಸಭೆಗಳ ನಡುವೆ.

ಸತತವಾಗಿ ಬಾರದಿರುವವರಿಗೆ ಫೋನು ಮಾಡಬೇಕು. ವರ್ಷದ ಚಂದಾ ಬಾಕಿ ಉಳಿಸಿಕೊಂಡವರನ್ನು ಕೇಳಬೇಕು, ಅದೂ ನೋಯದ ಹಾಗೆ. ಸದಸ್ಯರ ಮನೆಯಲ್ಲಿ ಕಾಯಿಲೆ, ಸಾವು ಆದಾಗ ಹೋಗಬೇಕು. ತೀರಿಕೊಂಡ ಸದಸ್ಯರ ಹೆಂಡತಿ, ಮಕ್ಕಳನ್ನು ವಿಚಾರಿಸಿಕೊಳ್ಳಲು 'ಆಮನರ್' ಎಂಬ ಅಧಿಕಾರಿಯೇ ಇರುತ್ತಾರೆ. ಆದರೂ ಮಾಸ್ಟರ್ ಖುದ್ದಾಗಿ ಬಂದರೆ ಆ ಮನೆಯವರಿಗೆ ಆಗುವ ಸಮಾಧಾನ ಬೇರೆ. ಬೇರೆ ಲಾಡ್ಜ್‌ಗಳ ಇನ್‌ಸ್ಟಲೇಷನ್‌ಗೆ ಹೋಗಬೇಕು, ಇಲ್ಲದಿದ್ದರೆ ಅವರೂ ಬರುವುದಿಲ್ಲ. ದಾನದ ಕೆಲಸ ಯಾವುದಾದರೂ ಒಂದು ಇದ್ದೇ ಇರುತ್ತದೆ. ಪ್ರತಿ ಸಭೆಯಲ್ಲೂ ದಾನದ ಚೀಲ ಸುತ್ತು ಬರುತ್ತದೆ.

ಜೊತೆಗೆ ಇಬ್ಬರು ಹಿರಿಯರ ನಡುವೆ ಹಳೆಯ ಮುನಿಸು ಇದ್ದರೆ ಅದನ್ನೂ ನೋಡಿಕೊಳ್ಳಬೇಕು. ಮನಸ್ತಾಪ ಇರುವ ಇಬ್ಬರು ಹೊರಗೆ ಮಾತಾಡಿ ಸರಿಮಾಡಿಕೊಂಡೇ ಒಳಗೆ ಬರಬೇಕು ಎಂಬುದು ಹಳೆಯ ನಡೆ. ಹೇಳುವುದು ಸುಲಭ. ಆ ಇಬ್ಬರೂ ಮಾಜಿ ಮಾಸ್ಟರ್‌ಗಳೇ ಆಗಿಬಿಟ್ಟರೆ ಹೊಸಬರ ಪಾಡು ಕೇಳಬೇಡಿ.

## ಮನೆಯವರ ಪ್ರಶ್ನೆಗಳು

ಗುಟ್ಟು ಏನಿದೆ? ಸದಸ್ಯರು ಪರಸ್ಪರ ಗುರುತು ಹಿಡಿಯಲು ಬಳಸುವ ಕೆಲವು ಸನ್ನೆ, ಪದ, ಕೈಕುಲುಕುವ ರೀತಿ. ಅವನ್ನು ಹೊರಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿರುತ್ತಾರೆ. ತಾನು ಸದಸ್ಯ ಎಂದು ಹೇಳಿಕೊಳ್ಳಲು, ಸಭೆ ಎಲ್ಲಿ ಯಾವಾಗ ಎಂದು ತಿಳಿಸಲು ಯಾವ ಅಡ್ಡಿಯೂ ಇಲ್ಲ.

ಹೆಂಗಸರಿಗೆ ಪ್ರವೇಶ ಇದೆಯೇ? ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಲಾಡ್ಜ್‌ಗಳಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ಮಹಿಳೆಯರದೇ ಪ್ರತ್ಯೇಕ ಸಂಸ್ಥೆಗಳಿವೆ. ಗಂಡಸರು ಹೆಂಗಸರು ಇಬ್ಬರೂ ಸೇರಬಹುದಾದ 'ಕೋ ಮೇಸನ್ರಿ' ಎಂಬ ಬೇರೆ ಶಾಖೆಯನ್ನು 1902ರಲ್ಲಿ ಲಂಡನ್ನಿಗೆ ತಂದವರು ಆ್ಯನಿ ಬೆಸೆಂಟ್. ಇಲ್ಲಿಯೂ ಅದನ್ನು ಬೆಳೆಸಿದವರು ಅವರೇ. ಆದರೆ ಹಳೆಯ ಗ್ರ್ಯಾಂಡ್ ಲಾಡ್ಜ್‌ಗಳು ಅದಕ್ಕೆ ಮಾನ್ಯತೆ ಕೊಟ್ಟಿಲ್ಲ.

ಚರ್ಚಿನವರು ವಿರೋಧಿಸುತ್ತಾರಲ್ಲ? ಹೌದು. 1738ರಲ್ಲೇ ಪೋಪ್ 12ನೇ ಕ್ಲೆಮೆಂಟ್ ಕ್ಯಾಥೊಲಿಕರು ಸೇರಬಾರದು ಎಂದು ಆಜ್ಞೆ ಹೊರಡಿಸಿದರು. 1983ರಲ್ಲಿ ವ್ಯಾಟಿಕನ್ ಅದನ್ನೇ ಮತ್ತೆ ಹೇಳಿತು. ಲಾಡ್ಜ್‌ಗಳ ಕಡೆಯಿಂದ ಕ್ಯಾಥೊಲಿಕರಿಗೆ ತಡೆ ಇಲ್ಲ.

ಕೈಯಿಂದ ಖರ್ಚಾಗುತ್ತದೆಯೇ? ಒಂದಿಷ್ಟು ಆಗುತ್ತದೆ. ಸೂಟು, ಹೊಸ ಏಪ್ರನ್, ಓಡಾಟ, ಅತಿಥಿಗಳ ಊಟ. ಸಂಬಳವಂತೂ ಇಲ್ಲ. ಕುರ್ಚಿಗೆ ಒಪ್ಪುವ ಮೊದಲು ಮನೆಯಲ್ಲಿ ಕೂತು ಲೆಕ್ಕ ಹಾಕುವುದು ಒಳ್ಳೆಯದು. ಸಂಜೆಗಳ ಲೆಕ್ಕ ಕೂಡ.

## ವರ್ಷ ಮುಗಿದ ಮೇಲೆ

ಇಂಗ್ಲೆಂಡಿನ ನಿಯಮದಲ್ಲಿ ವಿಶೇಷ ಅನುಮತಿ ಇಲ್ಲದೆ ಒಂದೇ ಲಾಡ್ಜ್‌ನಲ್ಲಿ ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಸಾಮಾನ್ಯವಾಗಿ ಒಂದೇ ವರ್ಷ. ಆದ್ದರಿಂದ ದೊಡ್ಡ ಯೋಜನೆ ಹಿಡಿದು ಬಂದ ಮಾಸ್ಟರ್‌ಗಳಿಗೆ ನಿರಾಸೆ ಖಂಡಿತ. ಅರ್ಧ ವರ್ಷ ಕಲಿಯಲು ಹೋಗುತ್ತದೆ. ಉಳಿದರ್ಧದಲ್ಲಿ ಆಗುವುದು ಒಂದೋ ಎರಡೋ ಕೆಲಸ. ಮುಂದಿನ ಇಬ್ಬರು ವಾರ್ಡನ್‌ಗಳನ್ನು ಮೊದಲೇ ಕೂರಿಸಿಕೊಂಡು ಮಾತಾಡಿದವರ ಯೋಜನೆ ಮಾತ್ರ ವರ್ಷ ದಾಟಿ ಮುಂದೆ ಹೋಗುತ್ತದೆ.

ಕುರ್ಚಿ ಬಿಟ್ಟವರು ಇಮ್ಮಿಡಿಯೆಟ್ ಪಾಸ್ಟ್ ಮಾಸ್ಟರ್ ಆಗಿ ಪಕ್ಕದ ಕುರ್ಚಿಗೆ ಸರಿಯುತ್ತಾರೆ. ಅವರ ಪದಕದಲ್ಲಿ ಮೂಲೆಮಟ್ಟದ ಕೆಳಗೆ ಒಂದು ಪುಟ್ಟ ರೇಖಾಚಿತ್ರ ನೇತಾಡುತ್ತದೆ. ಶಾಲೆಯಲ್ಲಿ ಓದಿದ ಪೈಥಾಗೊರಸ್ ಪ್ರಮೇಯದ ಚಿತ್ರವೇ ಅದು. ಕಟ್ಟಡ ಕೆಲಸದಲ್ಲಿ ಮೂಲೆ ನೇರ ಇದೆಯೇ ಎಂದು ನೋಡಲು ಬೇಕಾದ ಲೆಕ್ಕ. ಕೆಲವರು ಗ್ರ್ಯಾಂಡ್ ಲಾಡ್ಜ್‌ನ ಹುದ್ದೆಗಳಿಗೆ ಹೋಗುತ್ತಾರೆ. ಕೆಲವರು ಮತ್ತೆ ಕಾರ್ಯದರ್ಶಿ ಆಗುತ್ತಾರೆ, ಹಾಗೆ ನೋಡಿದರೆ ಲಾಡ್ಜ್ ನಡೆಯುವುದು ಅವರಿಂದಲೇ. ಇನ್ನು ಕೆಲವರು ಟೈಲರ್ ಆಗಿ ಬಾಗಿಲ ಹೊರಗಿನ ಕುರ್ಚಿಗೆ ಹೋಗುತ್ತಾರೆ.

ಸಾಲಿನಲ್ಲಿ ಇದ್ದೇನೆ ಎಂಬ ಕಾರಣಕ್ಕೆ ಒಪ್ಪಲೇಬೇಕು ಅಂತೇನೂ ಇಲ್ಲ. ಕೆಲಸದ ವರ್ಗಾವಣೆ, ಮನೆಯಲ್ಲಿ ಕಾಯಿಲೆ, ಇಲ್ಲವೇ ಸುಮ್ನೆ ಈ ವರ್ಷ ಆಗಲ್ಲ ಎಂದು ಹೇಳಬಹುದು. ಆಗ ಹಿಂದಿನವರು ಒಬ್ಬರು ಒಂದು ಹೆಜ್ಜೆ ಮುಂದೆ ಬರುತ್ತಾರೆ. ಅವರೂ ಇಲ್ಲದಿದ್ದರೆ ಮಾಜಿ ಮಾಸ್ಟರ್ ಒಬ್ಬರು ಮತ್ತೆ ಕೂರುತ್ತಾರೆ. ಸದಸ್ಯರು ಕಡಿಮೆಯಾಗುತ್ತಿರುವ ಇಂಗ್ಲೆಂಡಿನ ಎಷ್ಟೋ ಲಾಡ್ಜ್‌ಗಳಲ್ಲಿ ಒಬ್ಬರೇ ಎರಡನೇ ಸಲ, ಮೂರನೇ ಸಲ ಮಾಸ್ಟರ್ ಆಗುವುದು ಈಗ ಮಾಮೂಲು.